ಕೆಳಗಿನ ಮನೆಯ ಅಕ್ಕೋರು

ಕಳೆದ ವಾರ ಕಾರಿನ ಹಿಂದಿನ ಬಾಗಿಲು ತೆಗೆದಾಗ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮಗಳು ಲೈಬ್ರರಿಯಿಂದ ತಂದ ನಾಲ್ಕೈದು ಪುಸ್ತಕಗಳನ್ನು ಸೀಟಿನ ಮೇಲೆಯೇ ಬಿಟ್ಟು ಹೋಗಿದ್ದಳು. ಮೇಲಿನ ಹೊದಿಕೆ, ಅಂಚಿನ ಗೋಂದು, ಒಳಗಿನ ಹಳೆಯ ಕಾಗದ, ಎಲ್ಲ ಸೇರಿದ ವಾಸನೆ. ಡ್ಯೂಸೆಲ್ಡಾರ್ಫಿನ ಪಾರ್ಕಿಂಗಿನಲ್ಲಿ ನಿಂತವಳಿಗೆ ಡ್ರೆಸ್ಡೆನ್ನಿನ ಒಂದು ಅಡುಗೆಮನೆ ಕಣ್ಣ ಮುಂದೆ ಬಂತು...

ಜರ್ಮನಿಯು ಹೊರಗಿನ ಸಾಫ್ಟ್‌ವೇರ್ ಜನರಿಗೆ ಗ್ರೀನ್ ಕಾರ್ಡ್ ಕೊಡತೊಡಗಿದ್ದ ಮೊದಲ ವರ್ಷಗಳು ಅವು. ನಮ್ಮ ಮನೆಯವರಿಗೆ ಅಲ್ಲಿಯ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನನಗೆ ದುಡಿಯುವ ಪರವಾನಗಿ ಇರಲಿಲ್ಲ. ಹೆಂಡತಿಯರು ಕಾಯಬೇಕು ಎಂದು ಆಸ್‌ಲೆಂಡರ್‌ಬೆಹ್ಯೋರ್ಡೆಯಲ್ಲಿ, ಅಂದರೆ ವಿದೇಶೀಯರ ಕಚೇರಿಯಲ್ಲಿ, ಹೇಳಿ ಕಳಿಸಿದ್ದರು. ಗದಗಿನ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಗಣಿತ ಕಲಿಸಿ ಬಂದವಳು ನಾನು. ಇಲ್ಲಿ ಎಂಟು ಗಂಟೆಗೆ ಇವರು ಹೊರಟರೆಂದರೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟ್ರಾಮಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿದು, ಎದುರಿನ ಟ್ರಾಮು ಹತ್ತಿ ಸುಮ್ಮನೆ ವಾಪಸು ಬರುತ್ತಿದ್ದೆ.

"ಒಂದ ಕಡೆ ಸುಮ್ಮ ಕುಂದ್ರಾಕ ಏನಾಗೇತಿ ನಿನಗ?" ಎಂದು ಇವರು ಕೇಳುತ್ತಿದ್ದರು. ಏನಾಗಿದೆ ಎಂದು ನನಗೂ ಗೊತ್ತಿರಲಿಲ್ಲ.

ಜುಲೈನ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಹೆಂಗಸು ನಿಂತಿದ್ದರು. ಗಿಡ್ಡವಾಗಿ ಕತ್ತರಿಸಿದ ಬೆಳ್ಳಿಗೂದಲು, ಮೂಗಿನ ತುದಿಗೆ ಇಳಿದ ಕನ್ನಡಕ, ಕೈಯಲ್ಲಿ ಪೆನ್ಸಿಲ್. ಶಾಲೆಯಲ್ಲಿ ಕಲಿಸುತ್ತಾರೆ ಎಂದಷ್ಟೇ ಗೊತ್ತಿತ್ತು. ನನ್ನ ಹೆಜ್ಜೆ ಸದ್ದಿನ ಬಗ್ಗೆ ದೂರು ಹೇಳಲು ಬಂದಿದ್ದಾರೆ ಅಂದುಕೊಂಡೆ. ಮಾತು ಅದೇ ಆಗಿತ್ತು.

"ದಿನವಿಡೀ ನನ್ನ ತಲೆಯ ಮೇಲೆ ನಡೆಯುತ್ತೀರಿ," ಅಂದರು, ನನಗೆ ತಿಳಿಯಲೆಂದು ನಿಧಾನವಾದ ಜರ್ಮನ್ನಿನಲ್ಲಿ. "ಅದರ ಬದಲು ಕೆಳಗೆ ಬಂದು ನಡೆಯಿರಿ. ನಾನು ಓದಬೇಕು, ಯಾರಾದರೂ ಕೇಳಬೇಕು."

ಹಾಗೆ ಅವರು ನನಗೆ ಅಕ್ಕೋರಾದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಎದುರಿಗೆ ಎಂದೂ ಕರೆಯಲಿಲ್ಲ. ಮನಸ್ಸಿನಲ್ಲಿ ಮಾತ್ರ ಬೇರೆ ಹೆಸರು ಬರಲೇ ಇಲ್ಲ.

ಅವರ ಅಡುಗೆಮನೆಯ ಮೇಜಿನ ಮೇಲೆ ಲೈಬ್ರರಿ ಪುಸ್ತಕಗಳ ಎರಡು ರಾಶಿ. ಎಲ್ಲ ಹನ್ನೆರಡು ಹದಿಮೂರರ ಮಕ್ಕಳ ಕಥೆಗಳು. ಪ್ರತಿ ಬೇಸಿಗೆ ರಜೆಯಲ್ಲಿ ಇಪ್ಪತ್ತು ಪುಸ್ತಕ ಓದಿ, ಮುಂದಿನ ತರಗತಿಗೆ ಮೂರನ್ನು ಆರಿಸುತ್ತಿದ್ದರಂತೆ. ಗಟ್ಟಿಯಾಗಿಯೇ ಓದಬೇಕು. ಕಣ್ಣಿಗೆ ಚಂದ ಕಂಡದ್ದು ಎಷ್ಟೋ ಸಲ ಕಿವಿಗೆ ಬೀಳುವಾಗ ಸಪ್ಪೆಯಾಗುತ್ತದೆ ಅನ್ನುತ್ತಿದ್ದರು. ನಾನು ಒಲೆಯಿಂದ ಕಿಟಕಿಯವರೆಗೆ ನಡೆಯುತ್ತಿದ್ದೆ. ಮೂರರಲ್ಲಿ ಒಂದು ಮಾತು ತಿಳಿಯುತ್ತಿತ್ತು. ಕೆಲವು ದಿನಗಳ ಮೇಲೆ ಗಮನಿಸಿದೆ: ನಾನು ನಡೆಯುತ್ತಾ ನಡೆಯುತ್ತಾ ಎಲ್ಲಿ ತಟ್ಟನೆ ನಿಲ್ಲುತ್ತಿದ್ದೆನೋ ಅಲ್ಲಿ ಅವರು ಒಂದು ಹಾಳೆಯಲ್ಲಿ ಪುಟದ ಸಂಖ್ಯೆ ಬರೆದುಕೊಳ್ಳುತ್ತಿದ್ದರು.

"ಸುಮ್ಮನಿರಲಾರದ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು. ನೀವು ನಿಂತ ಕಡೆ ಅವರೂ ನಿಲ್ಲುತ್ತಾರೆ," ಅಂದರು.

ವರ್ಷಕ್ಕೆ ಮೂರು ಊರು ಬದಲಿಸುವ ತಾಯಿಯ ಜೊತೆ ಅಲೆಯುವ ಹುಡುಗಿಯೊಬ್ಬಳ ಕಥೆ ಇತ್ತು. ಅವಳು ತನ್ನ ಸೂಟ್‌ಕೇಸನ್ನು ಬಿಚ್ಚುವುದೇ ಇಲ್ಲ. ಅದರ ಕೊನೆಯಲ್ಲಿ ದೂರವಾಗಿದ್ದ ಅಪ್ಪ ಬಂದು ಎಲ್ಲ ಸರಿಹೋಗುತ್ತದೆ. ನನಗೆ ಸಿಟ್ಟು ಬಂತು. ಹೀಗೆಲ್ಲ ಆಗುವುದಿಲ್ಲ, ಇದು ಸುಳ್ಳು, ಅಂದೆ. ಅಕ್ಕೋರು ವಾದಕ್ಕಿಳಿದರು. ಊಟದ ಹೊತ್ತಿನವರೆಗೂ ಜಗಳವಾಡಿದೆವು. ಮೆಟ್ಟಿಲು ಹತ್ತುವಾಗ ಹೊಳೆಯಿತು, ಅಷ್ಟೂ ಹೊತ್ತು ನಾನು ಜರ್ಮನ್ನಿನಲ್ಲಿ ಮಾತಾಡಿದ್ದೆ.

ಆಗಸ್ಟಿನಲ್ಲಿ ಇವರ ಕಂಪನಿ ಅಲುಗಾಡತೊಡಗಿತು. "ಇನ್ನೊಂದ ಕೆಲಸಾ ಸಿಗಲಿಲ್ಲಂದ್ರ ಊರಿಗೆ ಹೋಗೂದ. ನೀ ನೋಡಿದರ ಸಣ್ಣ ಹುಡುಗರ ಕಥೀ ಕೇಳ್ಕೋತ ಕುಂತಿ," ಅಂದರು ಒಂದು ಸಂಜೆ. ಅದು ಚುಚ್ಚಿತು.

ಅದೇ ವಾರ ಬೇಕರಿಯಲ್ಲಿ ಬ್ರೆಡ್ಡು ಕೊಡುತ್ತಿದ್ದಾಕೆ ಅಕ್ಕೋರ ಬಗ್ಗೆ ಕೇಳಿದಳು. ನಾನು, ಶಾಲೆ ಶುರುವಾಗುವುದರೊಳಗೆ ಪುಸ್ತಕ ಮುಗಿಸಬೇಕಂತೆ, ಅಂದೆ. ಆಕೆ ನನ್ನ ಮುಖ ನೋಡಿದಳು.

"ಯಾವ ಶಾಲೆ? ಮಕ್ಕಳಿಲ್ಲವೆಂದು ರಜೆಗೆ ಮುಂಚೆಯೇ ಮುಚ್ಚಿದರಲ್ಲ. ಅವರನ್ನೂ ಮನೆಗೆ ಕಳಿಸಿದರು."

ನಂಬಲಿಲ್ಲ. ಟ್ರಾಮು ಹತ್ತಿ ಆ ಶಾಲೆಗೇ ಹೋದೆ. ಗೇಟಿಗೆ ಸರಪಳಿ ಹಾಕಿತ್ತು. ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು, ಹುಲ್ಲು ಅವುಗಳ ಕಾಲಿನವರೆಗೆ ಬೆಳೆದಿತ್ತು...

ಎರಡು ದಿನ ಕೆಳಗೆ ಇಳಿಯಲಿಲ್ಲ. ಮೋಸ ಹೋದಂತೆ ಅನಿಸಿತ್ತು. ಮೂರನೆಯ ದಿನ ಹೋಗಿ ನೇರವಾಗಿ ಕೇಳಿದೆ, "ಯಾರಿಗಾಗಿ ಓದುತ್ತಿದ್ದೀರಿ?"

ಅಕ್ಕೋರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂವತ್ತು ಬೇಸಿಗೆ ಹೀಗೇ ಓದಿದ್ದೇನೆ. ಬೇಸಿಗೆಯಲ್ಲಿ ಬೇರೇನು ಮಾಡುತ್ತಾರೋ ನನಗೆ ಗೊತ್ತಿಲ್ಲ." ಆಮೇಲೆ ಹೇಳಿದರು, "ಮೇಲೆ ನಿಮ್ಮ ಹೆಜ್ಜೆ ಕೇಳುತ್ತಿತ್ತು. ಏನು ಮಾಡುವುದೆಂದು ಅಲ್ಲಿಯೂ ಒಬ್ಬರಿಗೆ ಗೊತ್ತಿಲ್ಲ ಅಂದುಕೊಂಡೆ."

ಅವರಿಗೆ ಅದುವರೆಗೆ ಹೇಳದೇ ಇದ್ದುದನ್ನು ಆಗ ಹೇಳಿದೆ. ಯಾರು ಕೇಳಿದರೂ ಗೃಹಿಣಿ ಅನ್ನುವುದು ರೂಢಿಯಾಗಿಬಿಟ್ಟಿತ್ತು. "ನಾನೂ ಟೀಚರ್ ಆಗಿದ್ದೆ," ಅಂದೆ.

"ಆಗಿದ್ದೆ ಅಲ್ಲ, ಆಗಿದ್ದೇನೆ," ಎಂದು ತಿದ್ದಿದರು. ನನ್ನ ವ್ಯಾಕರಣದಲ್ಲಿ ತಪ್ಪಿರಲಿಲ್ಲ.

ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಾನು ತಡವರಿಸುತ್ತ ಓದಿದೆ. ಅವರು ಎದ್ದು ಕಿಟಕಿಯವರೆಗೆ ನಡೆದರು, ಒಲೆಯವರೆಗೆ ಬಂದರು. ಉಳಿದ ಎಂಟು ಪುಸ್ತಕಗಳನ್ನು ನಾವು ಮುಗಿಸಿದ್ದು ಹಾಗೆ.

ಮೂರನ್ನು ಆರಿಸಿ, ಅವುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದೆವು. ಅಕ್ಕೋರ ಶಾಲೆಯ ಮಕ್ಕಳು ಸೇರಿಕೊಂಡಿದ್ದ ದೊಡ್ಡ ಶಾಲೆಗೆ ಇಬ್ಬರೂ ಹೋದೆವು. ಅವರು ಮಡಿಸಿಟ್ಟಿದ್ದ ನೀಲಿ ಕೋಟು ಹಾಕಿಕೊಂಡಿದ್ದರು. ಅಲ್ಲಿಯ ಎಳೆಯ ಮೇಷ್ಟ್ರು ಮರ್ಯಾದೆಯಿಂದಲೇ ಮಾತಾಡಿದರು. ನಮ್ಮ ಪಟ್ಟಿ ಆಗಲೇ ಸಿದ್ಧವಾಗಿದೆ, ನಿಮ್ಮ ಚೀಟಿ ಇಟ್ಟುಹೋಗಿ, ಅಂದರು. ವಾಪಸು ಬರುವಾಗ ಐದು ನಿಲ್ದಾಣದವರೆಗೆ ಅಕ್ಕೋರು ಕೋಟಿನ ಗುಂಡಿ ತೆಗೆಯುತ್ತ ಹಾಕುತ್ತ ಕೂತಿದ್ದರು. ಆರನೆಯದರಲ್ಲಿ, "ಮುಂದಿನ ವರ್ಷ ಜೂನಿನಲ್ಲೇ ಕೊಡಬೇಕು," ಅಂದರು.

ಮುಂದಿನ ವರ್ಷಕ್ಕೆ ನಾನಿರಲಿಲ್ಲ. ಅಕ್ಟೋಬರಿನಲ್ಲಿ ಇವರಿಗೆ ಡ್ಯೂಸೆಲ್ಡಾರ್ಫಿನಲ್ಲಿ ಕೆಲಸ ಸಿಕ್ಕಿ, ಎರಡೇ ವಾರದಲ್ಲಿ ಮನೆ ಖಾಲಿ ಮಾಡಿದೆವು. ಹೊರಡುವ ದಿನ ಅಕ್ಕೋರು, "ಗದಗಿನಲ್ಲಿ ಮಕ್ಕಳಿಗೆ ಏನು ಕಥೆ ಹೇಳುತ್ತಿದ್ದಿರಿ? ಫೋನಿನಲ್ಲಿ ಹೇಳಿ," ಅಂದರು. ಭಾನುವಾರಕ್ಕೊಂದು ತುಣುಕಿನಂತೆ ಹೇಳತೊಡಗಿದೆ. ಸಂತೆಯಲ್ಲಿ ತಪ್ಪಿಸಿಕೊಂಡ ಹುಡುಗಿಯ ಕಥೆ, ನನ್ನ ಅಜ್ಜಿಯದು. ಹುಡುಗಿ ಹೊಳೆಯ ದಂಡೆಗೆ ಬಂದಳು, ಕತ್ತಲಾಗುತ್ತಿತ್ತು, ದೋಣಿ ಇನ್ನೂ ಬಂದಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದೆ. ಅಷ್ಟರಲ್ಲಿ ನನ್ನ ಪರವಾನಗಿ ಬಂತು. ಶಾಲೆಯೊಂದರಲ್ಲಿ ಮಧ್ಯಾಹ್ನ ಮಕ್ಕಳ ಹೋಮ್‌ವರ್ಕ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಒಂದು ಭಾನುವಾರ ತಪ್ಪಿತು, ಆಮೇಲೆ ಇನ್ನೊಂದು... ನೆನಪಾಗಿ ಫೋನ್ ಮಾಡಿದಾಗ ಆ ನಂಬರು ಬಳಕೆಯಲ್ಲಿರಲಿಲ್ಲ. ಬರೆದ ಕಾಗದವೂ ಹಿಂದಕ್ಕೆ ಬಂತು. ಕೆಲವು ವರ್ಷಗಳ ನಂತರ ಹೋಗಿ ನೋಡಿದರೆ ಆ ಕಟ್ಟಡವನ್ನೇ ಕೆಡವಿದ್ದರು. ಅಕ್ಕೋರು ಎಲ್ಲಿ ಹೋದರು, ಕೊನೆಗೆ ಹತ್ತಿರ ಯಾರಿದ್ದರು, ಹೇಳುವವರು ಸಿಗಲಿಲ್ಲ.

ಮೊನ್ನೆ ರಾತ್ರಿಯೂಟದ ಮೇಲೆ ಮಗಳನ್ನು ಕೂರಿಸಿಕೊಂಡು ಆ ಕಥೆಯನ್ನು ಪೂರ್ತಿ ಹೇಳಿದೆ. ಹೊಳೆ, ದೋಣಿ, ಮನೆಯವರೆಗಿನ ದಾರಿ, ಎಲ್ಲ. ಅವಳು ಸಮಾಧಾನವಾಗಿ ಕೇಳಿ, ಜರ್ಮನ್ನಿನಲ್ಲಿ, "ಚೆನ್ನಾಗಿದೆ, ಮಮ್ಮಿ," ಎಂದು ಎದ್ದುಹೋದಳು. ಅಕ್ಕೋರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಆ ದೋಣಿ ಬಂದದ್ದು ಯಾಕೆ, ಬರದಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಹಿಡಿದು ಕೂರಿಸುತ್ತಿದ್ದರು. ನಾನೂ ಸೋಲುತ್ತಿರಲಿಲ್ಲ. ಈಗ ಹಾಗೆ ಜಗಳವಾಡುವವರು ನನಗೆ ಯಾರೂ ಇಲ್ಲ.