ಒಳಗಿನಿಂದ ಹಾಕಿದ ಚಿಲಕ

ನಾನು ಚಿಕ್ಕವಳಿದ್ದಾಗ ನನ್ನಷ್ಟು ಪುಕ್ಕಲಿ ನಮ್ಮ ಮನೆತನದಲ್ಲೇ ಇನ್ನೊಬ್ಬಳಿರಲಿಲ್ಲ. ಕುಕ್ಕರ್ ಕೂಗಿದರೆ ಹೆದರಿಕೆ, ನಲ್ಲಿಯಲ್ಲಿ ಗಾಳಿ ಬಂದು ಬುಸ್ ಎಂದರೆ ಹೆದರಿಕೆ, ಪಕ್ಕದ ಮನೆಯ ಮುದುಕರು ಜೋರಾಗಿ ಕೆಮ್ಮಿದರೂ ಹೆದರಿಕೆ. ಬೆಳಗಾದರೆ ನಿಮ್ಮನ್ನೆಲ್ಲ ಗದರಿಸುವ ಈ ಅಜ್ಜಿ ಹಾಗಿದ್ದಳು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಆದರೆ ಸುಮ್ಮನೆ ಕೂತು ಕೇಳಿ. ನನಗೆ ಆಗ ಒಂಬತ್ತು ವರ್ಷ, ನನ್ನ ತಮ್ಮನಿಗೆ ನಾಲ್ಕು.

ಅಪ್ಪ ನಮ್ಮನ್ನು ಮೈಸೂರಿನಿಂದ ನ್ಯೂಜೆರ್ಸಿಗೆ ಕರೆಸಿಕೊಂಡು ಮೂರು ವಾರವಾಗಿತ್ತಷ್ಟೆ. ನ್ಯೂಯಾರ್ಕಿನಿಂದ ನದಿಯಾಚೆಗಿರುವ ಹೋಬೋಕನ್‌ನಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಒಂದೂವರೆ ಗಂಟೆ ಹೋದರೆ ಗುಡ್ಡಗಳ ನಡುವೆ ನಮ್ಮ ಊರು. ಊರು ಮೊದಲು, ರೈಲು ಆಮೇಲೆ ಅಂದುಕೊಳ್ಳಬೇಡಿ, ಅಲ್ಲಿ ಎಲ್ಲ ಉಲ್ಟಾ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಹೊತ್ತ ರೈಲುಗಳು ಗುಡ್ಡ ಹತ್ತುವ ಮುಂಚೆ ನೀರು ತುಂಬಿಸಿಕೊಳ್ಳಲು ಅಲ್ಲಿ ನಿಲ್ಲುತ್ತಿದ್ದವಂತೆ. ನಿಲ್ಲುವ ಜಾಗದಲ್ಲಿ ಎಂಜಿನ್ ರಿಪೇರಿಯ ಶೆಡ್ ಬಂತು, ಶೆಡ್ಡಿನಲ್ಲಿ ದುಡಿಯುವವರಿಗೆ ಮರದ ಮನೆಗಳು ಬಂದವು, ಆಮೇಲೆ ಚರ್ಚು, ಶಾಲೆ, ಬ್ರೆಡ್ ಅಂಗಡಿ. ನಾವು ಹೋಗುವ ಹೊತ್ತಿಗೆ ಕಲ್ಲಿದ್ದಲಿನ ಕಾಲ ಮುಗಿದಿತ್ತು. ಆದರೂ ಊರಿನ ಅರ್ಧ ಜನ ರೈಲಿನ ಕೆಲಸದವರೇ. ಹನ್ನೆರಡಕ್ಕೆ ಶೆಡ್ಡಿನ ಸೈರನ್ ಕೂಗಿತೋ, ಮನೆಮನೆಯಲ್ಲಿ ಊಟಕ್ಕೆ ತಟ್ಟೆ ಇಡುತ್ತಿದ್ದರು. ಒಣಹಾಕಿದ ಬಟ್ಟೆಗೂ ಡೀಸೆಲ್ ವಾಸನೆ ಹಿಡಿಯುತ್ತಿತ್ತು. ಅಪ್ಪನಿಗೆ ಆ ಶೆಡ್ಡಿನಲ್ಲಿ ಎಂಜಿನ್ ಭಾಗಗಳ ನಕ್ಷೆ ಬರೆಯುವ ಕೆಲಸ. ಇಡೀ ಊರಿನಲ್ಲಿ ಸೀರೆ ಉಡುವವಳು ನಮ್ಮಮ್ಮ ಒಬ್ಬಳೇ.

ಅದು ಚಳಿಗಾಲದ ಒಂದು ಶನಿವಾರ. ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ತರಲು ಅಪ್ಪ ನ್ಯೂಯಾರ್ಕಿಗೆ ಹೊರಟಾಗ ನಾವೂ ಬರುತ್ತೇವೆಂದು ಹಟ ಮಾಡಿ ಹೊರಟೆವು. "ನಿನ್ನ ತಮ್ಮನ ಕೈ ಬಿಟ್ಟೀಯ, ಜೋಕೆ," ಎಂದು ಅಮ್ಮ ನನ್ನ ಟೋಪಿಯನ್ನು ಕಿವಿಯ ಮೇಲೆ ಎಳೆದು ಕಳಿಸಿದಳು. ವಾಪಸ್ಸು ಬರುವಾಗ ಹೋಬೋಕನ್‌ನಲ್ಲಿ ರೈಲು ಹೊರಡುವ ಹೊತ್ತಾಗಿತ್ತು. ಓಡಿಹೋಗಿ ಕೈಗೆ ಸಿಕ್ಕ ಕೊನೆಯ ಬೋಗಿಯನ್ನೇ ಹತ್ತಿದೆವು. ಒಳಗೆ ಒದ್ದೆ ಉಣ್ಣೆಯ ವಾಸನೆ, ಕಾಲ ಬುಡದಲ್ಲಿ ಹೀಟರಿನ ಬಿಸಿಗಾಳಿ. ತಮ್ಮ ಕೂತ ಕೂಡಲೇ ನಿದ್ದೆ ಹೋದ.

ಈ ದೇಶದಲ್ಲಿ ರೈಲಿನಲ್ಲೂ ಟಿಕೆಟ್ ನೋಡುವವನನ್ನು ಕಂಡಕ್ಟರ್ ಎನ್ನುತ್ತಾರೆ. ನಮ್ಮ ಕಂಡಕ್ಟರ್ ಬಾಗಿಲಷ್ಟು ಎತ್ತರದ ಆಳು. ಕಪ್ಪು ಕೋಟು, ಕಪ್ಪು ಟೋಪಿ, ಕೆಂಪು ಮೀಸೆ. ಅವನು ಅಪ್ಪನ ಹತ್ತಿರ ಏನೋ ಹೇಳಿ ಹೋದ. ನಮ್ಮ ಊರಿನ ಪ್ಲಾಟ್‌ಫಾರಂ ಗಿಡ್ಡ, ಮುಂದಿನ ಎರಡು ಬೋಗಿಗಳ ಬಾಗಿಲನ್ನು ಮಾತ್ರ ತೆಗೆಯುತ್ತಾರೆ, ಅಲ್ಲಿಗೆ ಹೋಗಿ ಇಳಿಯಬೇಕು ಎಂದು ಹೇಳಿದ್ದನಂತೆ. ಊರು ಹತ್ತಿರವಾದಾಗ ಅಪ್ಪ ಅಕ್ಕಿ ಮೂಟೆಯನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಎದ್ದರು.

"ಪುಟ್ಟೀ, ಇಲ್ಲಿ ಬಾಗಿಲು ತೆಗೆಯೋಲ್ಲ. ಮುಂದಕ್ಕೆ ಹೋಗ್ಬೇಕು. ತಮ್ಮನ್ನ ಹಿಡ್ಕೊಂಡು ನನ್ನ ಹಿಂದೇನೇ ಬಾ."

ಹೂಂ ಅಂದೆ. ಹೋದೆ ಕೂಡ. ಆದರೆ ಎರಡು ಬೋಗಿಗಳ ನಡುವಿನ ಜಾಗ ನೋಡಿದ್ದೇ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕಾಲಡಿಯ ಕಬ್ಬಿಣದ ಹಲಗೆಗಳೆರಡು ಒಂದರ ಮೇಲೊಂದು ಕಿರ್ರೆಂದು ಜರುಗುತ್ತಿದ್ದವು. ಸಂದಿನಲ್ಲಿ ಬಿಳೀ ಹಿಮ ಸರಸರ ಓಡುತ್ತಿತ್ತು. ಹೆಗಲ ಮೂಟೆಯಿಂದಾಗಿ ಹಿಂದೆ ತಿರುಗಿ ನೋಡಲಾಗದ ಅಪ್ಪ ಎರಡೇ ಹೆಜ್ಜೆಯಲ್ಲಿ ದಾಟಿದರು, ಆಚೆಯ ಭಾರೀ ಬಾಗಿಲು ದಡಾರ್ ಎಂದು ಮುಚ್ಚಿಕೊಂಡಿತು. ನಿದ್ದೆಗಣ್ಣಿನ ತಮ್ಮ ನನ್ನ ಕಾಲ ಬಳಿಯೇ ಕುಕ್ಕರಿಸಿದ. ಒಂದು, ಎರಡು, ಮೂರು ಎಂದು ಎಣಿಸಿ ದಾಟುತ್ತೇನೆ ಅಂದುಕೊಂಡೆ. ಎಷ್ಟು ಸಲ ಎಣಿಸಿದೆನೋ ಗೊತ್ತಿಲ್ಲ. ರೈಲು ನಿಂತಿತು. ಮತ್ತೆ ಹೊರಟಿತು.

ಕಿಟಕಿಗೆ ಓಡಿದೆ. ಪ್ಲಾಟ್‌ಫಾರಂ ಮೇಲೆ ಅಪ್ಪ. ಮೂಟೆ ಕೆಳಗೆ ಬಿದ್ದಿತ್ತು, ಅಪ್ಪ ರೈಲಿನ ಜೊತೆ ಓಡುತ್ತಿದ್ದರು. ಬಾಯಿ ತೆರೆದು ಕೂಗುತ್ತಿದ್ದುದು ಕಾಣುತ್ತಿತ್ತು, ದನಿ ಮಾತ್ರ ಕೇಳಿಸಲಿಲ್ಲ. ನಮ್ಮ ಕಿಟಕಿಗೆ ಅವರ ಕೈ ಬಡಿದಂತಾಯಿತು. ಪ್ಲಾಟ್‌ಫಾರಂ ಮುಗಿಯಿತು, ಅಪ್ಪನೂ ಹಿಂದೆ ಉಳಿದರು.

ಈಗ ನನ್ನ ಪೆದ್ದುತನ ಕೇಳಿ. ಬೋಗಿಯಲ್ಲಿ ಇನ್ನೂ ನಾಲ್ಕಾರು ಜನ ನಮಗೆ ಬೆನ್ನು ಹಾಕಿ ಕೂತಿದ್ದರು. ಅಳುತ್ತಾ ನಿಂತಿದ್ದರೂ ಸಾಕಿತ್ತು, ಯಾರಾದರೂ ವಿಚಾರಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಟಿಕೆಟ್ ಅಪ್ಪನ ಜೇಬಿನಲ್ಲಿದೆ. ಮೈಸೂರು ಸ್ಟೇಷನ್ನಿನಲ್ಲಿ ಒಮ್ಮೆ ಟಿಕೆಟ್ ಇಲ್ಲದ ಒಬ್ಬನನ್ನು ಪೊಲೀಸರು ರಟ್ಟೆ ಹಿಡಿದು ಕರೆದೊಯ್ಯುವುದನ್ನು ನೋಡಿದ್ದೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಇನ್ನೆಲ್ಲಿಗೆ, ಜೈಲಿಗೆ," ಅಂದಿದ್ದಳು ಅಮ್ಮ. ಸ್ವಂತ ಊರಲ್ಲೇ ಹಾಗಾದರೆ ಈ ಪರದೇಶದಲ್ಲಿ ಇನ್ನು ಹೇಗೋ. ಅಷ್ಟರಲ್ಲಿ ಮುಂದಿನ ಬೋಗಿಯ ಬಾಗಿಲ ಗಾಜಿನಲ್ಲಿ ಕಪ್ಪು ಟೋಪಿ ಕಾಣಿಸಿತು. ಕಂಡಕ್ಟರ್ ದಡದಡ ನಮ್ಮ ಕಡೆಗೇ ಬರುತ್ತಿದ್ದ.

ಬೋಗಿಯ ಕೊನೆಯಲ್ಲಿ ಶೌಚಾಲಯವಿತ್ತು. ತಮ್ಮನನ್ನು ಎಳೆದುಕೊಂಡು ಒಳಗೆ ನುಗ್ಗಿ ಚಿಲಕ ಹಾಕಿದೆ. ಅದು ಕೆಟ್ಟಿದೆ, ಬಳಸಬೇಡಿ ಎಂದು ಬಾಗಿಲಿಗೆ ಬೋರ್ಡು ತೂಗಿಹಾಕಿದ್ದರು. ಆ ಇಂಗ್ಲಿಷು ಓದಲು ನನಗೆಲ್ಲಿ ಬರುತ್ತಿತ್ತು. ಒಳಗೆ ಹೀಟರ್ ಇಲ್ಲ, ತಗಡಿನ ಗೋಡೆ ಮಂಜುಗಡ್ಡೆಯ ಹಾಗಿತ್ತು. ಹೊರಗೆ ಬೂಟಿನ ಸದ್ದು ಹತ್ತಿರವಾಯಿತು. ತಮ್ಮ "ಅಪ್ಪ ಎಲ್ಲಿ" ಎಂದು ಅಳಲು ಬಾಯಿ ತೆರೆದ. ನಾನು ಅವನ ಬಾಯಿ ಮುಚ್ಚಿ ಒತ್ತಿ ಹಿಡಿದೆ. ಅವನ ಕಣ್ಣೀರು, ಸಿಂಬಳ ಎಲ್ಲ ನನ್ನ ಬೆರಳಿನ ಮೇಲೆ ಬಿಸಿಬಿಸಿಯಾಗಿ ಇಳಿಯಿತು. ಬಾಗಿಲ ಹಿಡಿ ಒಮ್ಮೆ ಅಲುಗಿತು. ಬೋರ್ಡು ನೋಡಿ, ರೈಲಿನವರೇ ಬೀಗ ಹಾಕಿದ್ದಾರೆಂದು ಅವನು ತಿಳಿದನಂತೆ. ಬೂಟಿನ ಸದ್ದು ದೂರ ಹೋಯಿತು.

ರೈಲು ನಿಂತಿತು, ಹೊರಟಿತು, ಮತ್ತೆ ನಿಂತಿತು. ಪ್ರತಿ ಸಲವೂ ಹೊರಗೆ ಓಡಾಟ, ಜೋರು ಮಾತು. ಪ್ರತಿ ಸಲವೂ ನಾನು ತಮ್ಮನ ಬಾಯಿ ಮುಚ್ಚಿದೆ. ಕೊನೆಗೊಮ್ಮೆ ನಿಂತದ್ದು ಮತ್ತೆ ಹೊರಡಲಿಲ್ಲ. ಇಳಿಯುವವರು ಇಳಿದರು, ದೀಪ ಆರಿತು. ಎಲ್ಲ ನಿಶ್ಶಬ್ದ. ಹಾಲುಗಾಜಿನ ಪುಟ್ಟ ಕಿಟಕಿಯಿಂದ ಸಂಜೆಯ ಮಂಕು ಬೆಳಕಷ್ಟೇ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಹೊರಗೆ ಹಿಮ ತುಳಿಯುವ ಸದ್ದು ಕೇಳಿಸಿತು. ಒಬ್ಬರಲ್ಲ, ಹತ್ತಾರು ಜನ. ಗಂಡಸರು, ಹೆಂಗಸರು, ಎಲ್ಲರೂ ಏನನ್ನೋ ಕೂಗುತ್ತಿದ್ದರು. ಕಿವಿಗೊಟ್ಟರೆ, ನನ್ನ ಹೆಸರು! ಅಂಕುಡೊಂಕಾಗಿ ಕೂಗುತ್ತಿದ್ದರು, ಆದರೂ ನನ್ನದೇ. ಹೆದರಿದವರ ಮೇಲೆ ಹಾವೆಸೆದ ಹಾಗಾಯಿತು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಜನ, ಅವರಿಗೆ ನನ್ನ ಹೆಸರು ಹೇಗೆ ಗೊತ್ತು? ಟಿಕೆಟ್ ಇಲ್ಲದವರ ಪಟ್ಟಿಯಲ್ಲಿ ಬರೆದು ಪೊಲೀಸರಿಗೆ ಕೊಟ್ಟಿದ್ದಾರೆ ಅಂದುಕೊಂಡೆ. ಮೂಲೆಗೆ ಒತ್ತಿಕೊಂಡು ಕೂತೆ.

ಆಗ ಗಮನಿಸಿದೆ, ನಾನು ತಮ್ಮನ ಬಾಯಿ ಮುಚ್ಚಿರಲಿಲ್ಲ. ಆದರೂ ಅವನು ಅಳುತ್ತಿರಲಿಲ್ಲ. ಕೆನ್ನೆ ಮುಟ್ಟಿದೆ, ತಣ್ಣಗಿತ್ತು. ಕೈ ಇನ್ನೂ ತಣ್ಣಗಿತ್ತು. ತುಟಿ ನೇರಳೆಹಣ್ಣು ತಿಂದವರ ಹಾಗೆ ನೀಲಿಯಾಗಿತ್ತು. ಅಲುಗಿಸಿದರೆ "ಹ್ಞಾ" ಎಂದು ಮತ್ತೆ ಕಣ್ಣು ಮುಚ್ಚಿದ. ಅಲ್ಲಿಯವರೆಗೆ ಪಟ್ಟದ್ದು ಹೆದರಿಕೆಯೇ ಅಲ್ಲ ಮಕ್ಕಳೇ. ಹೆದರಿಕೆ ಅಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಜೈಲಿಗೆ ಹಾಕುವುದಾದರೆ ಹಾಕಲಿ, ಜೈಲಿನಲ್ಲಾದರೂ ಬೆಚ್ಚಗಿರುತ್ತದೆ ಎಂದುಕೊಂಡು ಚಿಲಕಕ್ಕೆ ಕೈ ಹಾಕಿದೆ.

ಚಿಲಕ ಬರಲಿಲ್ಲ. ತುಕ್ಕು ಹಿಡಿದ ಚಿಲಕ, ಮರಗಟ್ಟಿದ ಬೆರಳು. ಎರಡೂ ಕೈಯಲ್ಲಿ ಎಳೆದೆ, ಉಗುರು ಕಿತ್ತು ರಕ್ತ ಬಂತು. ಹೊರಗಿನ ದನಿಗಳು ಮುಂದೆ ಹೋಗುತ್ತಿದ್ದವು. ಇಡೀ ಮಧ್ಯಾಹ್ನ ಯಾರ ಕಣ್ಣಿಗೂ ಬೀಳಬಾರದೆಂದು ಕೂತವಳು ಈಗ ಬಾಗಿಲನ್ನು ದಬದಬ ಬಡಿದೆ. "ನಾವು ಇಲ್ಲಿದೀವಿ, ಇಲ್ಲಿದೀವಿ" ಎಂದು ಗಂಟಲು ಹರಿಯುವ ಹಾಗೆ ಕನ್ನಡದಲ್ಲಿ ಕಿರುಚಿದೆ. ನನಗೆ ಬರುತ್ತಿದ್ದುದು ಅದೊಂದೇ ಭಾಷೆ.

ಬೋಗಿ ಗುಡಿಸುವ ಹೆಂಗಸೊಬ್ಬಳಿಗೆ ಕೇಳಿಸಿತಂತೆ. ಅವಳು ಪೊರಕೆ ಎಸೆದು ಎಲ್ಲರನ್ನೂ ಕೂಗಿದಳು. ಹಾರೆ ಹಾಕಿ ಬಾಗಿಲು ಮೀಟಿದವನು ಅದೇ ಕಂಡಕ್ಟರ್. ನಾನು ಎರಡೂ ಕೈ ಮುಂದಕ್ಕೆ ಚಾಚಿದೆ, ಬೇಡಿ ಹಾಕಿಸಿಕೊಳ್ಳಲು. ಅವನು ಕೋಟು ಬಿಚ್ಚಿ ತಮ್ಮನನ್ನು ಸುತ್ತಿ ಎತ್ತಿಕೊಂಡ, ಇನ್ನೊಂದು ಕೈಯಲ್ಲಿ ನನ್ನನ್ನು ಬಾಚಿಕೊಂಡ. ಅವನ ಮೈ ಗಡಗಡ ನಡುಗುತ್ತಿತ್ತು. ಕೆಂಪು ಮೀಸೆ ಪೂರ್ತಿ ಒದ್ದೆಯಾಗಿತ್ತು. ಆ ಅಷ್ಟೆತ್ತರದ ಆಳು ನನಗಿಂತ ಹೆಚ್ಚು ಹೆದರಿದ್ದ.

ಸ್ಟೇಷನ್ನಿನ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ರೈಲಿನವರ ಹೆಂಡತಿಯರು ಕಂಬಳಿ ತಂದರು, ತಮ್ಮನ ಪಾದ ಉಜ್ಜಿದರು. ಮಾಂಸದ ಸಾರು ಕೊಟ್ಟಾಗ ನಾನು ಮುಖ ತಿರುಗಿಸಿದ್ದು ನೋಡಿ ಒಬ್ಬಾಕೆ ಬಿಸಿ ಹಾಲು, ಬ್ರೆಡ್ ತಂದಿಟ್ಟಳು. ತಮ್ಮ ಎರಡು ಲೋಟ ಕುಡಿದು, "ಇನ್ನೂ ಬೇಕು" ಅಂದ. ನನಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಅಪ್ಪ ಬಂದರು. ನಮ್ಮ ಬೀದಿಯಲ್ಲಿ ರೈಲ್ವೆ ಗೇಟು ಕಾಯುತ್ತಿದ್ದವನು ತನ್ನ ಟ್ರಕ್ಕಿನಲ್ಲಿ ಕರೆತಂದಿದ್ದ. ಅಪ್ಪನ ಒಂದು ಕಾಲಿನಲ್ಲಿ ಬೂಟಿರಲಿಲ್ಲ, ಕಾಲುಚೀಲದ ತುಂಬ ಹಿಮ. ನಮ್ಮ ಊರಿನ ಸ್ಟೇಷನ್ ಮಾಸ್ತರು ಮುಂದಿನ ಎಲ್ಲ ಸ್ಟೇಷನ್ನಿಗೂ ನಮ್ಮ ಹೆಸರು ಹೇಳಿ ಫೋನ್ ಮಾಡಿದ್ದರು. ಯಾವ ಸ್ಟೇಷನ್ನಿನಲ್ಲೂ ನಾವು ಸಿಗಲಿಲ್ಲ. ಸಿಗದಿದ್ದಾಗ, ಮಕ್ಕಳು ದಾರಿಯಲ್ಲಿ ಬೋಗಿಯಿಂದ ಬಿದ್ದಿರಬಹುದು ಎಂದು ಶೆಡ್ಡಿನ ಗಂಡಸರೆಲ್ಲ ಕೆಲಸ ಬಿಟ್ಟು ಹಳಿಯ ಎರಡೂ ಪಕ್ಕ ಹಿಮ ಕೆದಕುತ್ತಾ ನಡೆದರಂತೆ. ಅಪ್ಪ ಎಲ್ಲರಿಗಿಂತ ಮುಂದೆ ನಡೆದಿದ್ದರು. ಅತ್ತ ಮನೆಯಲ್ಲಿ ಬೀದಿಯ ಹೆಂಗಸರು ಅಮ್ಮನ ಕೈ ಹಿಡಿದುಕೊಂಡು ಕೂತಿದ್ದರಂತೆ. ಅವರಿಗೆ ಇವಳ ಮಾತು ತಿಳಿಯದು, ಇವಳಿಗೆ ಅವರದು ತಿಳಿಯದು.

"ಯಾಕಮ್ಮಾ ಬಚ್ಚಿಟ್ಕೊಂಡೆ?" ಎಂದು ಅಪ್ಪ ಕೇಳಿದರು. ಗದರಲಿಲ್ಲ, ಕೂಗಿ ಕೂಗಿ ಅವರ ದನಿ ಬಿದ್ದುಹೋಗಿತ್ತು.

"ಟಿಕೆಟ್ ನಿಮ್ಮತ್ರ ಇತ್ತಲ್ಲಪ್ಪ," ಅಂದೆ.

ಅಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೋಣೆಯಲ್ಲಿ ಯಾರೂ ನಗಲಿಲ್ಲ. ಕಂಡಕ್ಟರ್ ತನ್ನ ಚೀಲದಿಂದ ಮೂರು ಟಿಕೆಟ್ ತೆಗೆದು ತೋರಿಸಿದ. ಹೋಬೋಕನ್ ಬಿಟ್ಟ ಕೂಡಲೇ ಅಪ್ಪನಿಂದ ಇಸಿದುಕೊಂಡು ತೂತು ಹಾಕಿಟ್ಟಿದ್ದ ನಮ್ಮದೇ ಟಿಕೆಟ್. ಅವನಿಗೆ ನಮ್ಮಿಂದ ಏನೂ ಬೇಕಿರಲಿಲ್ಲ, ನಾವು ಬೇಕಾಗಿದ್ದೆವು.

ಈಗ ಆ ಊರಿನಲ್ಲಿ ಶೆಡ್ ಇಲ್ಲ, ಸೈರನ್ ಇಲ್ಲ. ಹಳಿ ಕಿತ್ತ ದಾರಿಯಲ್ಲಿ ಜನ ಸೈಕಲ್ ಹೊಡೆಯುತ್ತಾರೆ, ಸ್ಟೇಷನ್ನಿನಲ್ಲಿ ಯಾರೋ ಕಾಫಿ ಮಾರುತ್ತಾರೆ. ನೀವು ಸೀಕಾಕಸ್‌ನಲ್ಲಿ ರೈಲು ಬದಲಾಯಿಸುವಾಗ ನಿಮ್ಮ ಸುತ್ತ ಸಾವಿರ ಜನ, ಒಬ್ಬರಿಗೂ ನಿಮ್ಮ ಹೆಸರು ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ ಅನ್ನಿ. ನಿಮ್ಮಮ್ಮ ಕ್ರ್ಯಾನ್‌ಬರಿಯ ಆಫೀಸಿನಲ್ಲಿ ಕೂತು ಫೋನಿನ ನಕ್ಷೆಯಲ್ಲಿ ನಿಮ್ಮ ಚುಕ್ಕೆ ಎಲ್ಲಿದೆ ಎಂದು ನೋಡುತ್ತಾಳೆ. ಮೊನ್ನೆ ಈ ಕಥೆಯ ತುಣುಕಷ್ಟೇ ಕೇಳಿ ನಿಮ್ಮಲ್ಲೊಬ್ಬ "ಅಜ್ಜಿ, ವೈ ಡಿಡ್ ಯೂ ಹೈಡ್?" ಅಂದ. ಹೆದರಿದವರು ಹಾಗೇ ಮಾಡುತ್ತಾರೆ, ನೀವೂ ಮಾಡುತ್ತೀರಿ. ಸ್ಕೂಲಿನಲ್ಲಿ ಏನಾದರೂ ಆದ ದಿನ ಮನೆಗೆ ಬಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತೀರಿ. ನಾನು ಬಂದು ತಟ್ಟಿದರೆ "ಐಯಾಮ್ ಫೈನ್" ಎನ್ನುತ್ತೀರಿ. ಬಾಗಿಲಾಚೆ ನಾನು ನಡುಗುತ್ತಾ ನಿಂತಿರುತ್ತೇನೆ. ನೀವು ಎಲ್ಲಿದ್ದೀರೆಂದು ಆ ಚುಕ್ಕೆ ಹೇಳುತ್ತದೆ, ಹೇಗಿದ್ದೀರೆಂದು ಹೇಳುವುದಿಲ್ಲ. ಒಳಗಿನಿಂದ ನೀವೇ ಒಮ್ಮೆ ಕೂಗದಿದ್ದರೆ ನಾನಾದರೂ ಏನು ಮಾಡಲಿ?