ನಾನು ತಿರುವಿದ ಮೂಡಲ

ನಮ್ಮ ಮನೆಯಲ್ಲಿ ಎಡ, ಬಲ ಎಂಬ ಮಾತೇ ಇರಲಿಲ್ಲ. ಅತನೂರಿನ ಊರ ಹೊರಗಿನ ಓಣಿಯಲ್ಲಿ ಎರಡು ಖೋಲಿಯ ಮನೆ. ಅಷ್ಟರೊಳಗೇ ಅವ್ವ, “ತೆಂಕಲ ಗೂಡಿನಾಗ ಕಡ್ಡಿಪೆಟ್ಟಗಿ ಅದ ನೋಡು, ಬುದ್ಧನ ಫೋಟೋದ ಬಾಜೂಕ” ಎನ್ನುವಳು. ಮಲಗಿದಾಗಲೂ, “ಬಡಗಲ ಮಗ್ಗಲಿಗಿ ಹೊಳ್ಳ ಬೇ” ಎಂದು ಗದರುವಳು. ಹೀಗೆ ಬೆಳೆದ ನನ್ನ ಕಣ್ಣು ಕಟ್ಟಿ ಗಿರಗಿರ ತಿರುಗಿಸಿ ಬಿಟ್ಟರೂ ಮೂಡಲ ಯಾವ ಕಡೆ ಎಂದು ಬೆರಳು ಮಾಡಿ ತೋರಿಸುತ್ತಿದ್ದೆ. ಆ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು.

ವಿಮಾನ ಹಾರಿಸುವ ತರಬೇತಿಗೆ ಸೇರಿದ್ದು ನಮ್ಮ ಜಿಲ್ಲೆಯಲ್ಲೇ. ಮೋಡದೊಳಗೆ ಹೊರಗಿನದೇನೂ ಕಾಣದಿದ್ದಾಗ ಬರೀ ಮೀಟರು ನೋಡಿ ಹಾರುವುದನ್ನು ಕಲಿಸಿದ ಸರ್ ಜೇವರ್ಗಿ ಕಡೆಯವರು. ಮೊದಲ ದಿನವೇ, “ಯಾವೂರು ತಂಗಿ? ಯಾವ ಓಣಿ?” ಎಂದು ಕೇಳಿದರು. ಓಣಿ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಖ ಗಂಟುಹಾಕಿಕೊಂಡೇ ಹೇಳಿದೆ. ಅವರು ದನಿ ತಗ್ಗಿಸಿದರು. “ನಂದೂ ಅಂಥಾದೇ ಓಣಿ. ಅದಕ್ಕೇ ನಿನಗ ಧರ್ಮಕ್ಕ ಪಾಸ್ ಮಾಡಂಗಿಲ್ಲ, ನಾಳಿ ಯಾರೂ ಬಾಯಿ ಮಾಡಬಾರ್ದು. ನನ್ನ ಓಣಿ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೊಳಗ ಇರಲಿ.” ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಪಾಠ ಕಠಿಣವಲ್ಲ, ಅದನ್ನು ನಂಬುವುದು ಕಠಿಣ. ದಿಕ್ಕು ತೋರಿಸುವ ಮೀಟರಿನೊಳಗೆ ಒಂದು ಚಕ್ರ ಜೋರಾಗಿ ತಿರುಗುತ್ತಿರುತ್ತದೆ. ಹೊತ್ತು ಹೋದಂತೆ ಆ ಮೀಟರು ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಅದಕ್ಕೇ ಕಾಲು ತಾಸಿಗೊಮ್ಮೆ ವಿಮಾನವನ್ನು ನೆಟ್ಟಗೆ, ಸಮವಾಗಿ ಹಿಡಿದು, ಮೇಲಿರುವ ಅಯಸ್ಕಾಂತದ ದಿಕ್ಸೂಚಿ ನೋಡಿ, ಗುಂಡಿ ತಿರುವಿ ಸರಿಮಾಡಬೇಕು. ಇನ್ನು ಮೈಯಂತೂ ದೊಡ್ಡ ಸುಳ್ಳುಗಾರ. ವಿಮಾನ ಮೆಲ್ಲಗೆ ಬಹಳ ಹೊತ್ತು ತಿರುಗುತ್ತಿದ್ದರೆ ನಮ್ಮ ಕಿವಿಯ ಒಳಭಾಗ ಆ ತಿರುವನ್ನೇ ಮರೆತುಬಿಡುತ್ತದೆ, ವಾಲಿದ್ದರೂ ನೆಟ್ಟಗಿದ್ದೇವೆ ಅನ್ನಿಸುತ್ತದೆ. “ಹೊಟ್ಟಿ ಹೇಳಿದ್ದ ಕೇಳಬ್ಯಾಡ, ಮೀಟರ್ ಹೇಳಿದ್ದ ಕೇಳು” ಎಂದು ಸರ್ ನೂರು ಸಲ ಹೇಳಿರಬೇಕು. ನಾನು ಬರೆದುಕೊಂಡೆ, ಬಾಯಿಪಾಠ ಮಾಡಿದೆ, ಬರೆಯುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದೆ.

ಹಾರಾಟದ ಪರೀಕ್ಷೆಯ ದಿನ ಸರ್ ಪಕ್ಕದಲ್ಲಿ ಕುಳಿತು ನನ್ನ ಹಣೆಗೆ ಹುಡ್ ಹಾಕಿಸಿದರು. ಕುದುರೆಯ ಕಣ್ಣುಪಟ್ಟಿಯ ಹಾಗೆ ಅದು; ಎದುರಿನ ಮೀಟರುಗಳ ಹೊರತು ಏನೂ ಕಾಣದು. ಅಫಜಲಪುರದ ಮೇಲಿಂದ ತಿರುಗಿ, ರೇಡಿಯೋ ಸಂಕೇತ ಹಿಡಿದು, ಮೂಡಲಕ್ಕೆ ನಿಲ್ದಾಣದ ಕಡೆ ಬರಬೇಕಿತ್ತು. ತಿರುವು ಉದ್ದವಾಯಿತು. ಮೂಡಲ ಬಂತು ಅಂದಿತು ಹೊಟ್ಟೆ. ಇನ್ನೂ ಇಲ್ಲ ಅಂದಿತು ಮೀಟರು. ಎಲಾ ಇದರ! ನನ್ನೂರಿನ ಮೇಲೆ ಬಂದು ನನಗೇ ಮೂಡಲ ಹೇಳಿಕೊಡುತ್ತದೆಯೇ? ಜಾರಿರಬೇಕು ಅಂದುಕೊಂಡೆ. ದಿಕ್ಸೂಚಿಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಗುಂಡಿ ತಿರುವಿ ಮೀಟರನ್ನೇ ನನ್ನ ಮೂಡಲಕ್ಕೆ ತಂದೆ.

ಸರ್ ಒಂದೆರಡು ನಿಮಿಷ ನನ್ನನ್ನು ಆ ಕಡೆಗೇ ಹಾರಲು ಬಿಟ್ಟರು. ಆಮೇಲೆ ವಿಮಾನದ ಹಿಡಿತ ತಾವು ತೆಗೆದುಕೊಂಡು, “ಹುಡ್ ತಗಿ” ಎಂದರು. ಬೆನ್ನ ಹಿಂದೆ ಉಳಿಯಬೇಕಾದ ಭೀಮೆ ಎದುರಿಗಿತ್ತು. ಸೊನ್ನದ ಬ್ಯಾರೇಜಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. “ನಿನ್ನ ಹೊಟ್ಟ್ಯಾಗಿನ ಮೂಡಲ ನನ್ನ ಹೊಟ್ಟ್ಯಾಗೂ ಅದ ತಂಗಿ. ಹಿಂದ ಮಂದಿ ಕುಂತಾಗ ಅದು ಕೊಲ್ತದ” ಎಂದರು. ಫೇಲ್ ಮಾಡಿದರು. ಇನ್ನೊಂದು ಸಲ ತಪ್ಪಿದರೆ ನನ್ನ ಸೀಟೇ ಹೋಗುತ್ತಿತ್ತು.

ನಮ್ಮಪ್ಪ ಗೌಂಡಿ. ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಒಳಂಬಾ ಎಂಬ ಗುಂಡಿನ ಮೇಲೆ ಅವನಿಗೆ ಎಲ್ಲಿಲ್ಲದ ಭರವಸೆ. ಕಣ್ಣಂದಾಜಿನಲ್ಲಿ ಕಟ್ಟಿದ ಆಳೊಬ್ಬನ ಗೋಡೆ ಒಡೆಸಿ, ಅವತ್ತೇ ಅವನನ್ನು ಕೆಲಸದಿಂದ ಬಿಡಿಸಿದ್ದ. ಅಂಥವನ ಮುಂದೆ ಖರೇ ಹೇಳಲು ನನಗೆ ಬಾಯಿ ಬರಲಿಲ್ಲ. “ಮೀಟರ್ ಕೆಟ್ಟಿತ್ತಪ್ಪಾ” ಅಂದುಬಿಟ್ಟೆ. ಥೂ, ಎಷ್ಟು ಸಲೀಸಾಗಿ ಬಂತು ಆ ಮಾತು!

ಮರುದಿನ ಅಪ್ಪ ಬಸ್ಸು ಹಿಡಿದು ಬಂದೇಬಿಟ್ಟ. ತರಬೇತಿ ಶಾಲೆಯ ಗೇಟಿನಲ್ಲಿ, ಎಲ್ಲರೆದುರು, ಸರ್ ಅವರನ್ನು ತಡೆದು ನಿಲ್ಲಿಸಿದ. “ಮೀಟರ್ ಕೆಟ್ರ ನನ್ನ ಮಗಳದೇನ್ರಿ ತಪ್ಪು? ನಮ್ಮ ಓಣಿ ಹುಡುಗಿ ಮ್ಯಾಲ ಹಾರೂದು ನಿಮ್ಮಂಥ ದೊಡ್ಡ ಮಂದಿಗಿ ನೋಡಾಕ ಆಗವಲ್ದು, ಹೌದಿಲ್ರಿ?” ಜೀವಮಾನವಿಡೀ ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಎಷ್ಟೋ ಜನರ ಮುಖಕ್ಕೆ ಅದನ್ನು ಅನ್ನಬಹುದಿತ್ತು, ಅನ್ನಲೂ ಬೇಕಿತ್ತು. ಕೊನೆಗೆ ಅಂದದ್ದು ನಮ್ಮವರೇ ಆದ ಈ ಒಬ್ಬ ಮನುಷ್ಯನಿಗೆ.

ಸರ್ ನನ್ನ ಕಡೆ ನೋಡಿದರು. ಅವರು ಯಾವ ಓಣಿಯವರೆಂದು ನಾನು ಹೇಳುವಂತಿರಲಿಲ್ಲ, ಮಾತು ಕೊಟ್ಟಿದ್ದೆ. ಮೀಟರು ಸರಿಯಿತ್ತು ಎಂದಾದರೂ ಹೇಳಬಹುದಿತ್ತು. ಎರಡೇ ಪದ. ನಾನು ನನ್ನ ಬೂಟು ನೋಡುತ್ತ ನಿಂತೆ. ಅವರು ಅಪ್ಪನಿಗೆ ಕೈ ಮುಗಿದು, “ಮುಂದಿನ ಸಲ ಬ್ಯಾರೇದವ್ರು ಪರೀಕ್ಷಾ ತಗೋತಾರ್ರಿ ಕಾಕಾ” ಎಂದು ಒಳಗೆ ಹೋದರು. ಆಮೇಲೆ ಅವರು ನನ್ನನ್ನು ತಂಗಿ ಎಂದು ಕರೆಯಲಿಲ್ಲ.

ಬೇರೆಯವರ ಕೈಯಲ್ಲಿ ನಾನು ಪಾಸಾದೆ. ದಿಕ್ಸೂಚಿ ನೋಡದೆ ಆ ಗುಂಡಿ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅಪ್ಪ ಮಾತ್ರ ಆ ಗೇಟಿನ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಾನೆ.

ಮೊನ್ನೆ ರಜೆಗೆ ಹೋದಾಗ ಮನೆಯ ಮುಂದೆ ಹೊಸ ಗೋಡೆ ಏಳುತ್ತಿತ್ತು. ಆಳುಗಳಿಗೆ ಅದೇ ಕಥೆ ಹೇಳುತ್ತಲೇ ಅಪ್ಪ ಒಳಂಬದ ದಾರವನ್ನು ನನ್ನ ಕೈಗೆ ಕೊಟ್ಟ. “ಗಟ್ಟಿ ಹಿಡಿ ಯವ್ವಾ. ಇದು ನಿಮ್ಮ ವಿಮಾನದ ಮೀಟರ್ ಅಲ್ಲ, ಸುಳ್ಳ ಹೇಳಂಗಿಲ್ಲ” ಎಂದ. ಎಲ್ಲರೂ ನಕ್ಕರು.

“ಹೌದಪ್ಪಾ” ಅಂದೆ.