ಅಲಕ್ಷ್ಯದ ಪಟ್ಟಿ

ನಾನು ಬರೆಯಲು ಕುಳಿತೊಡನೆ ನನ್ನ ಲ್ಯಾಪ್‌ಟಾಪ್ ಕೂಡ, ನನಗೊಂದು ಮಾತೂ ಹೇಳದೆ, ಪಕ್ಕದಲ್ಲೇ ಇನ್ನೊಂದು ಕಡತ ತೆರೆದು ಅದನ್ನೇ ನಕಲು ಬರೆಯತೊಡಗುತ್ತದೆ ಎಂಬುದು ನಿವೃತ್ತಿಯ ನಂತರವಷ್ಟೇ ನನಗೆ ತಿಳಿದ ಸಂಗತಿ. ಹೆಸರಿನ ಮುಂದೊಂದು ಚುಕ್ಕಿ, ಹಿಂದೊಂದು ಬಾಲ. ಬರೆದದ್ದನ್ನು ಉಳಿಸಿ ಮುಚ್ಚಿದರೆ ಬೆಳಗಿನ ಮಂಜಿನಂತೆ ಮಾಯ.

ಬಂಟ್ವಾಳದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ನಾನು, ಮೂಡುಬಿದಿರೆಯಲ್ಲಿರುವ ಹಳೆಯ ವಿದ್ಯಾರ್ಥಿನಿ ಪದ್ಮಜಾಳ ಜೊತೆ ಸೇರಿ ನಮ್ಮ ಕಡೆಯ ಭತ್ತದ ತಳಿಗಳ ಹೆಸರು ಕಲೆಹಾಕುತ್ತಿದ್ದೆ. ಇಬ್ಬರ ಬರಹವೂ ‘ಗಿಟ್’ ಎಂಬ ವ್ಯವಸ್ಥೆಯೊಳಗೆ ಸೇರುತ್ತಿತ್ತು. ಯಾರು ಯಾವಾಗ ಯಾವ ಅಕ್ಷರ ತಿದ್ದಿದರೆಂಬುದನ್ನು ಅದು ಮರೆಯುವುದಿಲ್ಲ. ನಾನೋ ಬರೆಯುತ್ತಿದ್ದ ಕಡತ ಮುಚ್ಚುವ ಮೊದಲೇ ಇದ್ದದ್ದನ್ನೆಲ್ಲ ಬಾಚಿ ಕಳುಹಿಸುವವನು.

“ಸರ್, ನಿಮ್ಮ ಬರಹದ ಜೊತೆ ಬಾಲದ ಕಡತಗಳೂ ಬರ್ತಾ ಉಂಟು,” ಎಂದು ಪದ್ಮಜಾ ಫೋನ್ ಮಾಡಿದಳು.

“ಈಗಲೇ ಅಳಿಸ್ತೇನೆ.”

“ಅಳಿಸ್ಬೇಡಿ ಸರ್! ಅಲಕ್ಷಿಸುವ ಪಟ್ಟಿಯಲ್ಲಿ ಒಂದು ಸಾಲು ಬರೆದ್ರೆ ಸಾಕು. ಗಿಟ್ ಅದನ್ನು ಲೆಕ್ಕಕ್ಕೆ ತಗೊಳ್ಳುದಿಲ್ಲ. ಆದ್ರೆ ಅದು ನಿಮ್ಮಲ್ಲೇ ಇರ್ತದೆ.”

ಜೀವನವಿಡೀ ಅಲಕ್ಷ್ಯದ ವಿರುದ್ಧ ಗದರಿದ ಮಾಸ್ತರನು ಹೀಗೆ ಸ್ವಹಸ್ತದಿಂದ ಅಲಕ್ಷ್ಯಕ್ಕೊಂದು ಪಟ್ಟಿ ಬರೆದದ್ದಾಯಿತು.

ಅದೇ ವಾರ ಬೆಳ್ತಂಗಡಿಯಾಚೆಯ ಲೀಲಕ್ಕನ ಜಗಲಿಯಲ್ಲಿ ಕುಳಿತೆ. ಎಂಬತ್ತು ದಾಟಿದ ಆ ಬೇಸಾಯಗಾರ್ತಿ ಕಣ್ಣು ಮುಚ್ಚಿ, ಯಾವ ಗದ್ದೆಗೆ ಯಾವ ಭತ್ತ, ಯಾವುದರ ಅನ್ನಕ್ಕೆ ಎಂಥ ಪರಿಮಳ ಎಂದು ಕನಸು ಹೇಳುವವರಂತೆ ಹೇಳುತ್ತ ಹೋದರು. ನಾನು ಒಮ್ಮೆಯೂ ಉಳಿಸದೆ ಬರೆಯುತ್ತ ಹೋದೆ. ಗುಡುಗಿತು, ಕರೆಂಟು ಹೋಯಿತು, ಬ್ಯಾಟರಿ ಸತ್ತಿದ್ದ ನನ್ನ ಲ್ಯಾಪ್‌ಟಾಪ್ ಕಪ್ಪಾಯಿತು.

“ಬೇಸರ ಮಾಡ್ಬೇಡಿ ಮಾಸ್ಟ್ರೆ. ಇನ್ನೊಮ್ಮೆ ಬನ್ನಿ, ಹೇಳುವ.”

ನಾನು ಮತ್ತೆ ಹೋಗುವಷ್ಟರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿಯೇ ಹೋಗಿತ್ತು. ಅಕ್ಷರ ಅವರು ಕಲಿತವರಲ್ಲ. ಬೇಸರದಿಂದ ನಾನು ಆ ಕಡತವನ್ನು ತೆರೆಯಲೇ ಇಲ್ಲ.

ತಿಂಗಳ ಬಳಿಕ ತಪ್ಪೊಪ್ಪಿಕೊಂಡಾಗ ಪದ್ಮಜಾ ಬಸ್ಸು ಹತ್ತಿ ಬಂಟ್ವಾಳಕ್ಕೇ ಬಂದಳು. “ಚುಕ್ಕಿಯ ಕಡತ ಉಂಟಾ ನೋಡುವ.” ಉಂಟು! ಯಾರ ಲಕ್ಷ್ಯಕ್ಕೂ ಬೀಳದೆ ಅಲ್ಲೇ ಕುಳಿತಿತ್ತು. ಅವಳು ಏನೋ ಒತ್ತಿದಳು. ಲೀಲಕ್ಕನ ಮಾತುಗಳು ಸಾಲುಸಾಲಾಗಿ ಪರದೆಯ ಮೇಲೆ ಎದ್ದು ಬಂದವು. ನನ್ನ ಕನ್ನಡಕ ಒದ್ದೆಯಾಯಿತು.

ಮರುದಿನವೇ ಇಬ್ಬರೂ ಹೋಗಿ ಲೀಲಕ್ಕನಿಗೆ ಓದಿ ಹೇಳಿದೆವು. ನಾನು ಕಯಮೆ ಭತ್ತದ ಹೆಸರು ಓದುವ ಮೊದಲೇ ಅವರ ತುಟಿ ಕಯಮೆ ಎನ್ನುತ್ತಿತ್ತು. ಬರಹ ಒಂದು ಸಾಲಿನ ನಡುವೆಯೇ ತುಂಡಾಗಿ ನಿಂತಿತು. ಕೊನೆಯ ಕ್ಷಣದ್ದನ್ನು ಯಂತ್ರವೂ ಹಿಡಿದಿರಲಿಲ್ಲ. ನಾನು ನಿಲ್ಲಿಸಿದೆ. ಅವರ ತುಟಿ ನಿಲ್ಲಲಿಲ್ಲ: ಒಮ್ಮೆ ಮುಚ್ಚಿ, ಮೆಲ್ಲಗೆ ತೆರೆಯಿತು.

“ಮಸ್ಕತಿ ಭತ್ತವಾ ಲೀಲಕ್ಕ?” ಎಂದಳು ಆ ತುಟಿಯನ್ನೇ ನೋಡುತ್ತಿದ್ದ ಪದ್ಮಜಾ.

ಲೀಲಕ್ಕ ಸದ್ದಿಲ್ಲದೆ ನಕ್ಕು, ‘ಬರೆಯಿರಿ’ ಎಂಬಂತೆ ನನ್ನ ಕೈ ತಟ್ಟಿದರು.